ಬಿಸಿಲಿನ ಲೆಕ್ಕ, ಮಳೆಯ ಲೆಕ್ಕ

ವೈಶಾಖಮಾಸದ ನಡುಹಗಲಿನಲ್ಲಿ ಅಹಮದಾಬಾದು ನಗರದ ಪೂರ್ವಭಾಗದ ಕಾರ್ಮಿಕರ ಕೇರಿಗಳನ್ನು, ಒಂದು ಕಾಲದಲ್ಲಿ ಬಟ್ಟೆ ಗಿರಣಿಗಳ ಕೂಗಿನಿಂದಲೇ ಹಗಲು ರಾತ್ರಿಗಳನ್ನು ಅಳೆಯುತ್ತಿದ್ದ ಆ ಓಣಿಗಳನ್ನು, ಹೊಕ್ಕು ನೋಡಿದವರಿಗೆ ಮೊದಲು ಕಾಣುವುದು ಬೀದಿಯ ನಿರ್ಜನತೆ. ತಳ್ಳುಗಾಡಿಯವನು ಗೋಡೆಯ ಮೊಳದಷ್ಟು ನೆರಳಿನಲ್ಲಿ ಒದ್ದೆ ಬಟ್ಟೆಯನ್ನು ತಲೆಗೆ ಸುತ್ತಿ ಕುಳಿತಿರುತ್ತಾನೆ. ನಾಯಿ ಚರಂಡಿಯ ತೇವವನ್ನು ಹುಡುಕಿ ಮಲಗಿರುತ್ತದೆ. ಆದರೆ ಮನೆಗಳೊಳಗೆ, ಕಲ್ನಾರಿನ ಹಾಳೆಯನ್ನೋ ತಗಡನ್ನೋ ಹೊದಿಸಿದ ಒಂದೊಂದೇ ಕೋಣೆಯ ಆ ಮನೆಗಳೊಳಗೆ, ಕೆಲಸ ನಿಂತಿರುವುದಿಲ್ಲ. ಊದುಬತ್ತಿ ಹೊಸೆಯುವ, ಗಾಳಿಪಟಕ್ಕೆ ಕಾಗದ ಅಂಟಿಸುವ, ಸಿದ್ಧ ಉಡುಪುಗಳಿಗೆ ಗುಂಡಿ ಹಾಕುವ ಹೆಂಗಸರಿಗೆ ಮನೆಯೇ ಕಾರ್ಖಾನೆಯಾದುದರಿಂದ, ಬಿಸಿಲು ಹೊರಗಿದ್ದರೂ ಅದರ ಬೇಗೆಯಿಂದ ಅವರಿಗೆ ಬಿಡುಗಡೆಯಿಲ್ಲ. ಹಗಲೆಲ್ಲ ಕಾದ ಮಾಡು ಇರುಳೆಲ್ಲ ಆ ಕಾವನ್ನು ಕೆಳಗೆ ಮಲಗಿದವರ ಮೇಲೆ ಸುರಿಯುತ್ತಲೇ ಇರುತ್ತದೆ.

ಭೂಮಂಡಲದ ತಾಪಮಾನ ಏರುತ್ತಿದೆಯೆಂಬ ಸಂಗತಿಯನ್ನು ಇಂದು ಪತ್ರಿಕೆ ಓದುವ ಯಾರೂ ಅರಿಯದವರಲ್ಲ. ಧ್ರುವಪ್ರದೇಶದ ಹಿಮ ಕರಗುತ್ತಿರುವುದು, ಕಡಲ ಮಟ್ಟ ಏರುತ್ತಿರುವುದು, ರಾಷ್ಟ್ರಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಸೇರಿ ಒಪ್ಪಂದಗಳನ್ನು ಚರ್ಚಿಸುವುದು ಇವೆಲ್ಲ ನಮಗೆ ಗೊತ್ತು. ಆದರೆ ಈ ಅರಿವಿನಿಂದ ಒಂದು ನಗರದ ಆರೋಗ್ಯಾಧಿಕಾರಿಗಾಗಲಿ ಚರಂಡಿಯ ಇಂಜಿನಿಯರಿಗಾಗಲಿ ನಾಳೆ ಬೆಳಿಗ್ಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಯಾವ ವಾರ್ಡಿನ ಯಾವ ಮನೆಗಳಲ್ಲಿ ಜನ ಸಾಯುತ್ತಾರೆ, ಎಷ್ಟು ಡಿಗ್ರಿ ದಾಟಿದ ಮೇಲೆ ಸಾಯುತ್ತಾರೆ, ಎಷ್ಟು ಮಳೆ ಬಿದ್ದರೆ ಯಾವ ಕಾಲುವೆ ಉಕ್ಕುತ್ತದೆ ಎಂಬ ಸ್ಥಳೀಯವಾದ, ಅಳೆದು ತೂಗಿದ ಜ್ಞಾನವೇ ನಗರಕ್ಕೆ ಬೇಕಾದುದು. ಸಂಶೋಧನೆಯಿಂದ ನಗರಗಳಿಗೆ ಆಗಬಹುದಾದ ಪರಮೋಪಕಾರ ಇದೇ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಅದಕ್ಕೆ ನಮ್ಮ ದೇಶದಲ್ಲಿಯೇ ದೊರೆಯುವ ಅತ್ಯುತ್ತಮ ನಿದರ್ಶನ ಅಹಮದಾಬಾದು.

ಕಾಣದೆ ಹೋದ ಸಾವುಗಳು

2010ರ ಮೇ ತಿಂಗಳಿನಲ್ಲಿ ಆ ನಗರವನ್ನು ಘೋರವಾದ ಬಿಸಿಗಾಳಿ ಆವರಿಸಿತು. ಆ ತಿಂಗಳ 21ರಂದು ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಭೂಕಂಪವಾದರೆ ಉರುಳಿದ ಕಟ್ಟಡಗಳು ಕಾಣುತ್ತವೆ, ನೆರೆ ಬಂದರೆ ಕೊಚ್ಚಿಹೋದ ಸೇತುವೆಗಳು ಕಾಣುತ್ತವೆ. ಬಿಸಿಗಾಳಿ ಬಂದುಹೋದ ಊರಿನಲ್ಲಿ ಮಾತ್ರ ಎಲ್ಲವೂ ನಿಂತಲ್ಲೇ ನಿಂತಿರುತ್ತದೆ. ಆಸ್ಪತ್ರೆಗಳ ದಾಖಲೆಯಲ್ಲಿ ‘ಉಷ್ಣಾಘಾತ’ ಎಂದು ಬರೆಯಲ್ಪಟ್ಟ ಮರಣಗಳು ಅತ್ಯಲ್ಪವಾಗಿದ್ದುವು. ಹೃದ್ರೋಗವಿದ್ದ ಮುದುಕನು ಬೇಗೆಯಲ್ಲಿ ಬಳಲಿ ಸತ್ತರೆ ಮರಣಪತ್ರದಲ್ಲಿ ಹೃದಯಾಘಾತವೆಂದೇ ದಾಖಲಾಗುವುದು ವೈದ್ಯಕೀಯ ವಾಡಿಕೆ. ಮೂತ್ರಪಿಂಡ ಸೋತು ಸತ್ತವಳ ಹೆಸರಿನ ಮುಂದೆ ಮೂತ್ರಪಿಂಡದ ವೈಫಲ್ಯವೆಂದು ಬರೆಯುತ್ತಾರೆ. ಬೇಗೆ ತನ್ನ ಕೆಲಸವನ್ನು ಬೇರೆ ರೋಗಗಳ ಹೆಸರಿನಲ್ಲಿ ಮಾಡಿ ಮುಗಿಸಿತ್ತು.

ಗಾಂಧೀನಗರದಲ್ಲಿರುವ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ ಈ ವಿಷಯವನ್ನು ಕೈಗೆತ್ತಿಕೊಂಡಾಗ ಅವರು ಅನುಸರಿಸಿದ ಮಾರ್ಗ ಅತ್ಯಂತ ಸರಳವಾಗಿತ್ತು. ಯಾವ ಕಾರಣದಿಂದ ಯಾರು ಸತ್ತರೆಂಬ ತೊಡಕಿನ ಪ್ರಶ್ನೆಯನ್ನು ಬದಿಗಿಟ್ಟು, ಮಹಾನಗರಪಾಲಿಕೆಯ ಮರಣ ನೋಂದಣಿ ಪುಸ್ತಕಗಳನ್ನು ತೆರೆದು, ಆ ಮೇ ತಿಂಗಳಿನಲ್ಲಿ ಒಟ್ಟು ಎಷ್ಟು ಮಂದಿ ಸತ್ತರು, ಹಿಂದಿನ ಮತ್ತು ಮುಂದಿನ ವರ್ಷಗಳ ಅದೇ ತಿಂಗಳಿನಲ್ಲಿ ಸಾಮಾನ್ಯವಾಗಿ ಎಷ್ಟು ಮಂದಿ ಸಾಯುತ್ತಾರೆ ಎಂಬುದನ್ನು ಎಣಿಸಿ ಹೋಲಿಸಿದರು. ಸಾಧಾರಣವಾಗಿ 3,118 ಮರಣಗಳು ಸಂಭವಿಸಬೇಕಾಗಿದ್ದಲ್ಲಿ 4,462 ಸಂಭವಿಸಿದ್ದುವು. ಎಂದರೆ 1,344 ಮಂದಿ, ಶೇಕಡಾ 43ಕ್ಕೂ ಹೆಚ್ಚಿನ ಪ್ರಮಾಣದಲ್ಲಿ, ಆ ಒಂದೇ ತಿಂಗಳಿನಲ್ಲಿ ಅಧಿಕವಾಗಿ ಪ್ರಾಣ ಬಿಟ್ಟಿದ್ದರು. 2014ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಸಾವಿರದ ಮುನ್ನೂರು ಜನ ಒಂದು ರೈಲ್ವೆ ಅಪಘಾತದಲ್ಲಿ ಸತ್ತಿದ್ದರೆ ಇಡೀ ದೇಶ ತಲ್ಲಣಿಸುತ್ತಿತ್ತು. ಇವರು ಸತ್ತುದನ್ನು, ಲೆಕ್ಕ ಹಾಕುವವರೆಗೆ, ಅವರವರ ಮನೆಯವರ ಹೊರತು ಯಾರೂ ಅರಿಯಲಿಲ್ಲ.

ದೇಹ ಸೋಲುವ ಬಗೆ

ಇಲ್ಲಿ ಸ್ವಲ್ಪ ನಿಂತು, ಬೇಗೆ ಮನುಷ್ಯನನ್ನು ಕೊಲ್ಲುವ ಕ್ರಮವನ್ನು ನೋಡಬೇಕು. ನಮ್ಮ ದೇಹ ತನ್ನೊಳಗಿನ ಉಷ್ಣತೆಯನ್ನು ಸುಮಾರು 37 ಡಿಗ್ರಿಯಲ್ಲಿ ಕಾಪಾಡಿಕೊಳ್ಳಲೇಬೇಕು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಉಳಿಯುವ ಮುಖ್ಯವಾದ ಉಪಾಯ ಬೆವರು. ಬೆವರು ಆವಿಯಾಗುವಾಗ ಚರ್ಮದ ಶಾಖವನ್ನು ತನ್ನೊಡನೆ ಕೊಂಡೊಯ್ಯುತ್ತದೆ. ಗಾಳಿಯಲ್ಲಿ ಮೊದಲೇ ತೇವಾಂಶ ತುಂಬಿದ್ದರೆ ಬೆವರು ಆರುವುದಿಲ್ಲ, ಕೇವಲ ಹರಿಯುತ್ತದೆ. ಆದುದರಿಂದಲೇ ಮಂಗಳೂರಿನ 36 ಡಿಗ್ರಿಯೂ ರಾಯಚೂರಿನ 42 ಡಿಗ್ರಿಯೂ ದೇಹಕ್ಕೆ ಒಡ್ಡುವ ಸಂಕಟಗಳು ಬೇರೆ ಬೇರೆ. ಉಷ್ಣಮಾಪಕದ ಅಂಕಿಯೊಂದನ್ನೇ ನೋಡಿ ಅಪಾಯವನ್ನು ಅಳೆಯಲಾಗುವುದಿಲ್ಲ.

ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ತಳ್ಳಬೇಕಾಗಿ ಬರುವುದರಿಂದ ಹೃದಯ ದುಡಿಯುತ್ತದೆ, ನೀರು ಸೋರಿಹೋಗುವುದರಿಂದ ಮೂತ್ರಪಿಂಡ ಬಳಲುತ್ತದೆ. ಆರೋಗ್ಯವಂತನಾದ ಯುವಕ ಈ ದಣಿವನ್ನು ರಾತ್ರಿಯ ತಂಪಿನಲ್ಲಿ ಕಳೆದುಕೊಳ್ಳುತ್ತಾನೆ. ರಾತ್ರಿಯೂ ತಂಪಾಗದಿದ್ದರೆ ದಣಿವು ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಕಲ್ಲು, ಕಾಂಕ್ರೀಟು, ಡಾಂಬರುಗಳು ಹಗಲಿನ ಶಾಖವನ್ನು ಹಿಡಿದಿಟ್ಟು ಇರುಳಿನಲ್ಲಿ ಬಿಡುವುದರಿಂದ ನಗರದ ರಾತ್ರಿಗಳು ಸುತ್ತಣ ಹಳ್ಳಿಗಾಡಿನ ರಾತ್ರಿಗಳಿಗಿಂತ ಬಿಸಿಯಾಗಿರುತ್ತವೆ. ಬಿಸಿಗಾಳಿಯ ಎರಡನೆಯ, ಮೂರನೆಯ ದಿನಗಳಲ್ಲಿ ವೃದ್ಧರೂ ರೋಗಿಗಳೂ ಎಳೆಮಕ್ಕಳೂ ಹಠಾತ್ತನೆ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಮೇಲಂತಸ್ತಿನ ಹೆರಿಗೆ ವಾರ್ಡು

2010ರ ಆ ಕಥೆಯಲ್ಲಿ ಒಂದು ಪ್ರಕರಣವನ್ನು ಓದುಗರು ವಿಶೇಷವಾಗಿ ಮನಸ್ಸಿನಲ್ಲಿಡಬೇಕೆಂದು ನನ್ನ ಅಪೇಕ್ಷೆ. ಅಹಮದಾಬಾದಿನ ಶಾರದಾಬೆನ್ ಆಸ್ಪತ್ರೆ ಬಡವರು ಹೆಚ್ಚಾಗಿ ಆಶ್ರಯಿಸುವ ಸಾರ್ವಜನಿಕ ಆಸ್ಪತ್ರೆ. ಅಲ್ಲಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಆ ಬೇಸಗೆಯಲ್ಲಿ, ಸೋಂಕಿನ ಯಾವ ಲಕ್ಷಣವೂ ಇಲ್ಲದೆ ಮೈ ಸುಡುತ್ತಿದ್ದ ಹಸುಗೂಸುಗಳು ಒಂದರ ಹಿಂದೊಂದು ಬಂದುವು. ವೈದ್ಯರು ವಿಚಾರಿಸಿ ನೋಡಿದಾಗ ಹೆರಿಗೆಯ ವಾರ್ಡು ಕಟ್ಟಡದ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ನೇರವಾಗಿ ಬಿಸಿಲಿಗೆ ಕಾಯುವ ತಾರಸಿಯ ಕೆಳಗೆ ಇತ್ತೆಂಬ ಸಂಗತಿಗೆ ಅರ್ಥ ಬಂತು. ಹುಟ್ಟಿದ ಮಗುವಿಗೆ ತನ್ನ ಮೈಯ ಶಾಖವನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ತಾಯಿಯ ಮಗ್ಗುಲಲ್ಲಿ ಬೆಚ್ಚಗೆ ಸುತ್ತಿ ಮಲಗಿಸಿದ ಆ ಕೂಸುಗಳ ಮೇಲೆ ಇಡೀ ತಾರಸಿಯ ಕಾವು ಇಳಿಯುತ್ತಿತ್ತು.

ವಾರ್ಡನ್ನು ನೆಲ ಅಂತಸ್ತಿಗೆ ಇಳಿಸಿದರು. ಹೊಸ ಯಂತ್ರವನ್ನು ತರಿಸಬೇಕಾಗಲಿಲ್ಲ, ವಿದೇಶದಿಂದ ತಜ್ಞರನ್ನು ಕರೆಸಬೇಕಾಗಲಿಲ್ಲ. ಮೂರು ವರ್ಷಗಳ ದಾಖಲೆಗಳನ್ನು ಹೋಲಿಸಿ ಲೆಕ್ಕ ಮಾಡಿದಾಗ, ಬೇಗೆಯಿಂದಾಗಿ ನಿಗಾ ಘಟಕಕ್ಕೆ ಸೇರುವ ಶಿಶುಗಳ ಪ್ರಮಾಣ ಈ ಒಂದು ಬದಲಾವಣೆಯಿಂದ ಶೇಕಡಾ 64ರಷ್ಟು ಇಳಿದುದು ತಿಳಿದುಬಂತು. ಉಷ್ಣತೆ 42 ಡಿಗ್ರಿಯನ್ನು ಮೀರಿದ ಮೇಲೆ ಒಂದೊಂದು ಡಿಗ್ರಿಗೂ ಇಂಥ ಶಿಶುಗಳ ಸಂಖ್ಯೆ ಶೇಕಡಾ 43ರಷ್ಟು ಏರುತ್ತದೆಂಬುದನ್ನೂ ಅದೇ ಅಧ್ಯಯನ ತೋರಿಸಿತು. ಹಾಸಿಗೆಗಳನ್ನು ಮೇಲಿನಿಂದ ಕೆಳಕ್ಕೆ ಒಯ್ಯುವುದು ಯಾವ ಆಸ್ಪತ್ರೆಗೂ ಅಸಾಧ್ಯವಲ್ಲ. ಅದನ್ನು ಮಾಡಬೇಕೆಂದು ತಿಳಿಯುವುದಕ್ಕೆ ಯಾರಾದರೂ ಕುಳಿತು ದಾಖಲೆಗಳನ್ನು ನೋಡಬೇಕಾಗಿತ್ತು. ಹವಾಮಾನಕ್ಕೆ ಹೊಂದಿಕೊಳ್ಳುವುದೆಂಬ ದೊಡ್ಡ ಮಾತಿನ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.

ಎಚ್ಚರಿಕೆಯ ಮೂರು ಬಣ್ಣಗಳು

ಇಷ್ಟೆಲ್ಲ ಎಣಿಕೆಯ ಫಲವಾಗಿ, ಅದು ಅಚ್ಚಾಗಿ ಹೊರಬರುವ ಮೊದಲೇ, 2013ರಲ್ಲಿ ಅಹಮದಾಬಾದು ಮಹಾನಗರಪಾಲಿಕೆ, ಗಾಂಧೀನಗರದ ಆ ಸಂಸ್ಥೆಯ ಮತ್ತು ಅಮೆರಿಕದ ಕೆಲವು ಸಂಸ್ಥೆಗಳ ನೆರವಿನಿಂದ, ಬೇಗೆಯನ್ನು ಎದುರಿಸುವ ಕ್ರಿಯಾಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದ ನಗರಗಳಲ್ಲಿ ಇಂಥ ಯೋಜನೆ ಇದೇ ಮೊದಲು.

ಅದರ ತಿರುಳು ಎಚ್ಚರಿಕೆಯ ಮಟ್ಟಗಳು. 41.1 ಡಿಗ್ರಿಯಿಂದ 43ರವರೆಗೆ ಹಳದಿ, 43.1ರಿಂದ 44.9ರವರೆಗೆ ಕಿತ್ತಳೆ, 45 ಮತ್ತು ಅದಕ್ಕೆ ಮೀರಿದರೆ ಕೆಂಪು. ಈ ಅಂಕಿಗಳನ್ನು ಆ ನಗರದ ಉಷ್ಣತೆಯನ್ನೂ ಆ ನಗರದ ಮರಣಗಳನ್ನೂ ಜೊತೆಯಿಟ್ಟು ನೋಡಿ ನಿರ್ಧರಿಸಿದರೆಂಬುದೇ ಇಲ್ಲಿನ ವಿಶೇಷ. ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಭಾರತೀಯ ಹವಾಮಾನ ಇಲಾಖೆ ಇಟ್ಟುಕೊಂಡಿರುವ ಬಿಸಿಗಾಳಿಯ ಮಾನದಂಡ ಇಡೀ ದೇಶಕ್ಕೆ ಸಂಬಂಧಿಸಿದ್ದು. ಒಂದು ಊರಿನ ಜನರ ಮೈ ಎಲ್ಲಿ ಸೋಲಲಾರಂಭಿಸುತ್ತದೆಂಬುದನ್ನು ಆ ಊರಿನ ದಾಖಲೆಗಳಿಂದಲೇ ಕಂಡುಕೊಳ್ಳಬೇಕು.

ಮುನ್ಸೂಚನೆ ಬಂದೊಡನೆ ಪಾಲಿಕೆಯ ಒಬ್ಬ ಅಧಿಕಾರಿ ಹೊಣೆ ಹೊತ್ತು ಎಲ್ಲ ಇಲಾಖೆಗಳಿಗೂ ಸುದ್ದಿ ಮುಟ್ಟಿಸುತ್ತಾನೆ. ದೂರವಾಣಿಗಳಿಗೆ ಸಂದೇಶ ಹೋಗುತ್ತದೆ. ಆಸ್ಪತ್ರೆಗಳು ಮಂಜುಗಡ್ಡೆಯ ಚೀಲಗಳನ್ನೂ ಹಾಸಿಗೆಗಳನ್ನೂ ಸಿದ್ಧಪಡಿಸಿಕೊಳ್ಳುತ್ತವೆ. 108ರ ಆಂಬುಲೆನ್ಸುಗಳು ಸಜ್ಜಾಗುತ್ತವೆ. ಮಧ್ಯಾಹ್ನದಲ್ಲಿ ಮುಚ್ಚುತ್ತಿದ್ದ ಉದ್ಯಾನಗಳು ತೆರೆದಿರುತ್ತವೆ. ಕುಡಿಯುವ ನೀರಿನ ಅರವಟಿಗೆಗಳು ಹೆಚ್ಚುತ್ತವೆ. ಅನಂತರದ ವರ್ಷಗಳಲ್ಲಿ ಬಡವರ ಮನೆಗಳ ಮಾಡಿಗೆ ಸುಣ್ಣವನ್ನೋ ಬಿಳಿಯ ಬಣ್ಣವನ್ನೋ ಬಳಿದು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುವ ಕಾರ್ಯವೂ ಸೇರಿಕೊಂಡಿತು. ಅಲ್ಪವೆಚ್ಚದ ಈ ಕೆಲಸದಿಂದ ಒಳಗಿನ ಉಷ್ಣತೆ ಕೆಲವು ಡಿಗ್ರಿಗಳಷ್ಟು ಇಳಿಯುತ್ತದೆ.

ಯೋಜನೆ ಫಲಿಸಿತೆ ಎಂಬ ಪ್ರಶ್ನೆಯನ್ನೂ ವಿದ್ವಾಂಸರು ಲೆಕ್ಕಕ್ಕೇ ಒಪ್ಪಿಸಿದರು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವರ್ಷಕ್ಕೆ ಸರಾಸರಿ 1,190 ಮರಣಗಳು ತಪ್ಪಿದುವು. ಈ ಅಂದಾಜಿನ ಅಂಚುಗಳು 162ರಿಂದ 2,218ರವರೆಗೆ ವಿಶಾಲವಾಗಿರುವುದನ್ನೂ ಅವರು ಮರೆಮಾಚದೆ ಹೇಳಿದ್ದಾರೆ. ಅತಿ ಕಡಿಮೆಯ ಅಂಚನ್ನೇ ಹಿಡಿದರೂ ವರ್ಷಕ್ಕೆ ನೂರರವತ್ತು ಜೀವಗಳು. ಒಂದು ನಗರದ ಆಡಳಿತ ಕೈಗೊಂಡ ಯಾವ ಕಾರ್ಯಕ್ಕಾದರೂ ಅದು ಸಣ್ಣ ಸಾರ್ಥಕತೆಯೇನೂ ಅಲ್ಲ.

ನಕಲು ಮಾಡಿದ ಯೋಜನೆಗಳು

ಅಹಮದಾಬಾದಿನ ಯಶಸ್ಸನ್ನು ಕಂಡು ಇತರ ನಗರಗಳೂ ರಾಜ್ಯಗಳೂ ಇಂಥ ಯೋಜನೆಗಳನ್ನು ಬರೆದುಕೊಂಡುವು. ಆದರೆ ಬರೆಯುವುದು ಬೇರೆ, ಅರಿತು ಬರೆಯುವುದು ಬೇರೆ. ದೆಹಲಿಯ ನೀತಿ ಸಂಶೋಧನಾ ಕೇಂದ್ರದ ವಿದ್ವಾಂಸರು 2023ರಲ್ಲಿ 18 ರಾಜ್ಯಗಳ 37 ಯೋಜನೆಗಳನ್ನು ಪರಿಶೀಲಿಸಿದಾಗ, ಯಾರು ಹೆಚ್ಚು ಅಪಾಯಕ್ಕೊಳಗಾಗಿದ್ದಾರೆಂಬುದನ್ನು ಕ್ರಮವಾಗಿ ಸಮೀಕ್ಷಿಸಿದವು ಕೇವಲ ಎರಡೆಂದೂ, ಸ್ಥಳೀಯವಾದ ಉಷ್ಣತೆಯ ಮಿತಿಗಳನ್ನು ಗೊತ್ತುಮಾಡಿಕೊಂಡಂತೆ ತೋರಿದವು ಹತ್ತೆಂದೂ, ಹಣ ಎಲ್ಲಿಂದ ಬರುತ್ತದೆಂಬುದನ್ನು ಚರ್ಚಿಸಿದವು ಹನ್ನೊಂದೆಂದೂ ಕಂಡುಬಂತು. ಅಳತೆ ತೆಗೆಯದೆ ಹೊಲಿದ ಅಂಗಿಯಂತೆ, ಇಂಥ ಯೋಜನೆ ಯಾರ ಮೈಗೂ ಸರಿಯಾಗಿ ಕೂಡುವುದಿಲ್ಲ.

ನಮ್ಮ ನಾಡಿನಲ್ಲಿಯೂ ಬೇಗೆಯ ಅರಿವು ಹೊಸದಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ಪದ್ಧತಿಯಿದೆ. ಆ ಸೀಮೆಯ ಬಿಸಿಲನ್ನು ಉಂಡವರ ಅನುಭವದಿಂದ ಬಂದ ವಿವೇಕ ಅದು. ಆದರೆ ಆ ಕಚೇರಿಯ ಹೊರಗಿನ ರಸ್ತೆಗೆ ಜಲ್ಲಿ ಹಾಕುವ ಕೂಲಿಯವನಿಗೆ, ಗಾರೆಯ ಬಾಂಡಲಿ ಹೊರುವ ಹೆಂಗಸಿಗೆ, ಹಮಾಲಿಗೆ ಆ ವೇಳಾಪಟ್ಟಿ ಅನ್ವಯಿಸುವುದಿಲ್ಲ. ಎಲ್ಲರಿಗಿಂತ ಹೆಚ್ಚು ಸುಡುವ ಮೈಗಳಿಗೆ ರಕ್ಷಣೆ ತಲುಪದಿರುವುದು ನ್ಯಾಯವಲ್ಲ.

ಬೆಂಗಳೂರಿನ ಮರಗಳು

ಬಿಸಿಲಿಗೆ ಹೆಸರಾಗದಿದ್ದ ಬೆಂಗಳೂರು ಕೂಡ 2016ರ ಏಪ್ರಿಲಿನಲ್ಲಿ 39.2 ಡಿಗ್ರಿಯನ್ನು ಕಂಡಿತು. ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಊರಿಗೆ ಇದು ಎಚ್ಚರಿಕೆಯ ಮಾತೇ ಸರಿ.

ಅಲ್ಲಿನ ಬೀದಿಮರಗಳ ಬಗೆಗೆ ಪರಿಸರವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನವೊಂದು 2013ರಲ್ಲಿ ಹೊರಬಂತು. ಮರಗಳಿರುವ ಮತ್ತು ಇಲ್ಲದ ರಸ್ತೆಯ ತುಣುಕುಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಅಳೆದಾಗ, ಮಧ್ಯಾಹ್ನದಲ್ಲಿ ಮರದ ನೆರಳಿನ ಗಾಳಿ 5.6 ಡಿಗ್ರಿಗಳವರೆಗೂ, ಡಾಂಬರಿನ ಮೇಲ್ಮೈ 27.5 ಡಿಗ್ರಿಗಳವರೆಗೂ ತಂಪಾಗಿದ್ದುದು ತಿಳಿಯಿತು. ಮರ ತಂಪನ್ನೀಯುತ್ತದೆಂಬುದು ಕೂಸಿಗೂ ಗೊತ್ತು. ಅದನ್ನು ಅಳೆಯುವುದೇಕೆ ಎಂದು ಕೇಳುವವರುಂಟು. ರಸ್ತೆ ಅಗಲಗೊಳಿಸುವ ಕಡತದಲ್ಲಿ ಕಡಿಯಲಾಗುವ ಮರದ ಬೆಲೆ ಸೌದೆಯ ಬೆಲೆಯಾಗಿ ನಮೂದಾಗುತ್ತಿರುವ ತನಕ ಅಳೆಯಲೇಬೇಕೆಂಬುದು ನನ್ನ ಉತ್ತರ. ಇಪ್ಪತ್ತೇಳು ಡಿಗ್ರಿಯ ತಂಪಿಗೆ ಬೆಲೆ ಕಟ್ಟಬೇಕಾದ ಸ್ಥಿತಿ ಬಂದಾಗ ಅಧಿಕಾರಿಯ ಲೇಖನಿ ಒಂದು ಕ್ಷಣವಾದರೂ ತಡೆಯುತ್ತದೆ.

ಕಳೆದುಹೋದ ಕಾಲುವೆಗಳು

ಬೇಗೆಗಿಂತಲೂ ಬೆಂಗಳೂರನ್ನು ಹೆಚ್ಚು ಕಾಡುತ್ತಿರುವುದು ಮಳೆ. 2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಲ್ಲಿ 131.6 ಮಿಲಿಮೀಟರ್ ಮಳೆ ಬಿತ್ತು. ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಕೋಟಿಗಟ್ಟಲೆ ಬೆಲೆಯ ಮನೆಗಳ ಒಡೆಯರೂ ಟ್ರಾಕ್ಟರುಗಳ ಮೇಲೆ ಕುಳಿತು ಹೊರಬಂದುದನ್ನು ದೇಶವೆಲ್ಲ ನೋಡಿತು. ಅದೇ ನೀರು ಅವರ ಮನೆಗಳಿಗೆ ಹೊಂದಿಕೊಂಡ ಜೋಪಡಿಗಳಲ್ಲಿದ್ದ ವಲಸೆ ಕೂಲಿಗಳ ಪಾತ್ರೆಪಡಗಗಳನ್ನೂ ದಿನಸಿಯನ್ನೂ ಹೊತ್ತೊಯ್ದುದನ್ನು ಅಷ್ಟಾಗಿ ನೋಡಲಿಲ್ಲ.

ಮಳೆ ಹೀಗೆ ಅಬ್ಬರಿಸುವುದಕ್ಕೆ ಭೌತಿಕವಾದ ಕಾರಣವುಂಟು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡಾ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದುದರಿಂದ ವರ್ಷದ ಒಟ್ಟು ಮಳೆ ಹೆಚ್ಚಾಗದಿದ್ದರೂ ಕೆಲವೇ ಗಂಟೆಗಳಲ್ಲಿ ಸುರಿದುಬಿಡುವ ಮಳೆಯ ಬಿರುಸು ಏರಬಲ್ಲದು. ಚರಂಡಿಯನ್ನು ಕಟ್ಟುವ ಇಂಜಿನಿಯರು, ಎಷ್ಟು ಬಿರುಸಿನ ಮಳೆ, ಎಷ್ಟು ಹೊತ್ತು, ಎಷ್ಟು ವರ್ಷಗಳಿಗೊಮ್ಮೆ ಬರುತ್ತದೆಂಬ ಹಳೆಯ ಪಟ್ಟಿಯೊಂದನ್ನು ನೋಡಿ ಅದರ ಅಗಲ ಆಳಗಳನ್ನು ನಿರ್ಧರಿಸುತ್ತಾನೆ. ನಿನ್ನೆಯ ಮಳೆಯಂತೆಯೇ ನಾಳೆಯ ಮಳೆಯೂ ಇರುತ್ತದೆಂಬ ನಂಬಿಕೆಯ ಮೇಲೆ ಆ ಪಟ್ಟಿ ನಿಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಲವಿಜ್ಞಾನಿ ಪಿ. ಪಿ. ಮುಜುಂದಾರ್ ಮತ್ತು ಅವರ ಸಂಗಡಿಗರು ಬೆಂಗಳೂರಿಗೆ ಸಂಬಂಧಿಸಿದಂತೆ ಈ ಪಟ್ಟಿಯನ್ನೇ, ಬದಲಾಗುತ್ತಿರುವ ಹವಾಮಾನವನ್ನು ಗಣನೆಗೆ ತೆಗೆದುಕೊಂಡು, ಮರುಪರಿಶೀಲಿಸಿದ್ದಾರೆ. ನೋಡುವುದಕ್ಕೆ ಒಣ ಗಣಿತ; ಆದರೆ ಒಂದು ಮೋರಿ ನಾಲ್ಕು ಅಡಿ ಇರಬೇಕೋ ಆರು ಅಡಿ ಇರಬೇಕೋ ಎಂಬುದು ಅದರಿಂದ ತೀರ್ಮಾನವಾಗುತ್ತದೆ.

ಮಳೆಯೊಂದನ್ನೇ ದೂರಿ ಪ್ರಯೋಜನವಿಲ್ಲ. ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಅದರ ನೀರು ಹರಿದು, ಒಂದರದು ಅರ್ಕಾವತಿಯ ಮೂಲಕ ಕಾವೇರಿಗೂ, ಉಳಿದೆರಡರದು ದಕ್ಷಿಣಪಿನಾಕಿನಿಗೂ ಸೇರುತ್ತದೆ. ದೊಡ್ಡ ಹೊಳೆಯಿಲ್ಲದ ಈ ಊರಿನ ಹಿರಿಯರು ಕಣಿವೆಯುದ್ದಕ್ಕೂ ಏರಿ ಹಾಕಿ ಕೆರೆಗಳನ್ನು ಕಟ್ಟಿ, ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಇಳಿಯುವಂತೆ ರಾಜಕಾಲುವೆಗಳಿಂದ ಪೋಣಿಸಿದ್ದರು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ಅರಿತ ನೀರುಗಂಟಿಗಳು ಊರೂರಿಗಿದ್ದರು. ಅಂಥ ಕೆರೆಗಳಲ್ಲಿ ಹಲವು ಈಗ ಉಳಿದಿಲ್ಲ. ಧರ್ಮಾಂಬುಧಿ ಕೆರೆ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ನಿಂತಿದೆ.

ಈ ನಷ್ಟವನ್ನು ಅಳೆದು ಹೇಳಿದ ಎರಡು ಅಧ್ಯಯನಗಳನ್ನು ಇಲ್ಲಿ ಸ್ಮರಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಉಪಗ್ರಹಚಿತ್ರಗಳನ್ನು ವರ್ಷವರ್ಷವೂ ಹೋಲಿಸಿ, 1973ರಿಂದೀಚೆಗೆ ಕಟ್ಟಡ ರಸ್ತೆಗಳಿಂದ ಮುಚ್ಚಿಹೋದ ನೆಲ ಹತ್ತು ಪಟ್ಟಿಗೂ ಮೀರಿ ಬೆಳೆದುದನ್ನೂ, ಜಲಾಶಯಗಳು ಶೇಕಡಾ 79ರಷ್ಟು, ಹಸಿರು ಶೇಕಡಾ 88ರಷ್ಟು ಕುಗ್ಗಿದುದನ್ನೂ ತೋರಿಸಿದೆ. ಇನ್ನೊಂದು, 2021ರಲ್ಲಿ ಬಂದ ಮಹಾಲೇಖಪಾಲರ ವರದಿ. ಕಳೆದ ಶತಮಾನದ ಆರಂಭದ ಭೂಪಟಗಳನ್ನು ಇತ್ತೀಚಿನ ಸ್ಥಿತಿಗೆ ಹೋಲಿಸಿ ನೋಡಿದ ಆ ವರದಿಯಂತೆ, ವೃಷಭಾವತಿ ಕಣಿವೆಯ ಕಾಲುವೆಗಳ ಉದ್ದ ಸುಮಾರು 226 ಕಿಲೋಮೀಟರಿನಿಂದ 112ಕ್ಕೆ, ಕೋರಮಂಗಲ ಕಣಿವೆಯದು 113ರಿಂದ 63ಕ್ಕೆ ಇಳಿದಿದೆ. ನೂರರವತ್ತಕ್ಕೂ ಹೆಚ್ಚು ಕಿಲೋಮೀಟರ್ ಹಾದಿಯನ್ನು ಕಳೆದುಕೊಂಡ ನೀರು ಮನೆಗಳ ಅಂಗಳವನ್ನು ಹಾದಿಯಾಗಿ ಮಾಡಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ.

ಅರಿವಿದ್ದೂ ಆಗದ ಕೆಲಸ

1988ರಲ್ಲಿ ಬರಗಾಲದ ಪರಿಶೀಲನೆಗೆಂದು ಹುಟ್ಟಿದ ಘಟಕವೊಂದು ಬೆಳೆದು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ತಾನೇ ತಾನಾಗಿ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಅದು ನೆಟ್ಟಿದೆ. ರೈತರು ಕರೆ ಮಾಡಿ ಮಳೆಯ ಸುದ್ದಿ ಕೇಳುವ ‘ವರುಣಮಿತ್ರ’ ಅದರದೇ ಸೇವೆ. ಬೆಂಗಳೂರಿನಲ್ಲಿ ಈ ಕೇಂದ್ರವೂ ವಿಜ್ಞಾನ ಸಂಸ್ಥೆಯೂ ಕೂಡಿ, ಮಳೆಮಾಪಕಗಳ ಸುದ್ದಿ, ನೆಲದ ಏರುತಗ್ಗು, ಕಾಲುವೆಗಳ ನಕ್ಷೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟವನ್ನು ತಿಳಿಸುವ ಉಪಕರಣಗಳು ಇವೆಲ್ಲವನ್ನೂ ಗಣಕಯಂತ್ರಕ್ಕೆ ಉಣಿಸಿ, ಯಾವ ಪ್ರದೇಶದಲ್ಲಿ ನೀರು ನಿಲ್ಲಬಹುದೆಂಬುದನ್ನು ಮುಂಚಿತವಾಗಿ ಹೇಳುವ ವ್ಯವಸ್ಥೆಯನ್ನು ರೂಪಿಸಿವೆ. 2023ರ ನವೆಂಬರಿನಲ್ಲಿ ನಗರದ ಹವಾಮಾನ ಕ್ರಿಯಾಯೋಜನೆಯೂ ಹೊರಬಂತು.

ಹೀಗಿದ್ದೂ ಪ್ರತಿವರ್ಷ ಅವೇ ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತದೆ. ವಿಜ್ಞಾನಿ ಮಾಡಬಹುದಾದುದಕ್ಕೆ ಇಲ್ಲೊಂದು ಎಲ್ಲೆಯಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ನೀರು ಎಲ್ಲಿ ನಿಲ್ಲುತ್ತದೆಂದು ಅವನು ಹೇಳಬಲ್ಲ. ಕಾಲುವೆಯ ಮೇಲೆ ನಿಂತ ಕಟ್ಟಡವನ್ನು ಅವನು ತೆಗೆಸಲಾರ. ಒತ್ತುವರಿ ತೆರವಿನ ಯಂತ್ರ ಬಡವನ ಗೋಡೆಯ ಬಳಿ ಬೇಗನೆ ಬಂದು ಬಲ್ಲಿದನ ಗೋಡೆಯ ಬಳಿ ಹಿಂಜರಿಯುವುದನ್ನು ಯಾವ ಗಣಿತವೂ ಸರಿಪಡಿಸದು. ಅಹಮದಾಬಾದಿನಲ್ಲಿ ಎಣಿಸಿದವರೂ ಆಳುವವರೂ ಒಂದೇ ಮೇಜಿನ ಸುತ್ತ ಕುಳಿತರು, ಕೆಲಸವಾಯಿತು. ಬೆಂಗಳೂರಿನಲ್ಲಿ ಎಣಿಕೆ ಬೇಕಾದಷ್ಟಿದೆ. ಮೇಜು ಇನ್ನೂ ಒಂದಾಗಿಲ್ಲ.

ಇದೇ ಊರು, 2022ರಲ್ಲಿ ಮುಳುಗಿದ ಊರು, 2024ರ ಮಾರ್ಚಿನಲ್ಲಿ ಕೊಡಗಳ ಸಾಲು ಹಿಡಿದು ಟ್ಯಾಂಕರಿಗಾಗಿ ಕಾದುನಿಂತಿತು. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಹೇಳಿತು. ನೆರೆಯೂ ಬರವೂ ಎರಡು ಬೇರೆ ಶತ್ರುಗಳೆಂದು ಎಣಿಸುವುದು ತಪ್ಪು. ಮುಚ್ಚಿದ ನೆಲ ಮಳೆಗಾಲದಲ್ಲಿ ನೀರನ್ನು ಇಂಗಲು ಬಿಡುವುದಿಲ್ಲ; ಇಂಗದ ನೀರು ಬೇಸಗೆಯಲ್ಲಿ ಬಾವಿಗೆ ಬರುವುದಿಲ್ಲ. ಈ ನಡುವೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಒಣಗಿದ್ದ ಕೆರೆಗಳು ತುಂಬಿದುವು, ಬಾವಿಗಳಲ್ಲಿ ನೀರು ಮೇಲೆ ಬಂತು. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಅಲ್ಲಿನ ರೈತ ಮುಖಂಡರು ಒತ್ತಾಯಿಸುತ್ತಿದ್ದಾರೆ. ಆ ನೀರಿನ, ಆ ಮಣ್ಣಿನ, ಆ ಬೆಳೆಯ ಪರೀಕ್ಷೆ ಕಾಲಕಾಲಕ್ಕೆ ನಡೆದು, ಫಲಿತಾಂಶ ಕೋಲಾರದ ರೈತನಿಗೆ ಕನ್ನಡದಲ್ಲಿ ತಲುಪಬೇಕಾದುದು ನ್ಯಾಯ.

ನೋಂದಣಿ ಪುಸ್ತಕವನ್ನು ತೆರೆಯೋಣ

ಬೇಗೆಯ ವಿಷಯಕ್ಕೆ ಮರಳಿ ಹೇಳುವುದಾದರೆ, ಅಹಮದಾಬಾದಿನ ವಿದ್ವಾಂಸರು ಉಪಯೋಗಿಸಿದ ಸಾಧನ ಯಾವ ಪ್ರಯೋಗಶಾಲೆಯದೂ ಅಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಪ್ರತಿಯೊಂದು ಊರಿನಲ್ಲಿಯೂ ಮರಣಗಳು ದಾಖಲಾಗುತ್ತವೆ. ನಮ್ಮ ರಾಜ್ಯದಲ್ಲಿ ಆ ದಾಖಲೆಗಳು ‘ಇ-ಜನ್ಮ’ ತಂತ್ರಾಂಶಕ್ಕೂ ಏರಿವೆ. ಹವಾಮಾನ ಇಲಾಖೆಯ ದಿನದಿನದ ಉಷ್ಣತೆಯ ದಾಖಲೆಯೂ ಸಿಗುತ್ತದೆ. ಈ ಎರಡನ್ನು ಅಕ್ಕಪಕ್ಕ ಇಡುವುದಕ್ಕೆ ಬೇಕಾದುದು ಒಬ್ಬ ಆರೋಗ್ಯಾಧಿಕಾರಿಯ ಮನಸ್ಸು, ಸಂಖ್ಯಾಶಾಸ್ತ್ರ ಬಲ್ಲ ಒಬ್ಬ ಅಧ್ಯಾಪಕ, ಕೆಲವು ವಿದ್ಯಾರ್ಥಿಗಳು. ಕಲಬುರಗಿಯಲ್ಲಿಯೂ ರಾಯಚೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ, ವಿಶ್ವವಿದ್ಯಾನಿಲಯಗಳಿವೆ. ಹೆರಿಗೆಯ ವಾರ್ಡುಗಳು ಯಾವ ಅಂತಸ್ತಿನಲ್ಲಿವೆ ಎಂಬುದನ್ನು ಆ ಊರುಗಳ ಆಸ್ಪತ್ರೆಗಳಲ್ಲಿ ನೋಡಿಕೊಂಡು ಬರುವುದಕ್ಕೆ ಒಂದು ಮಧ್ಯಾಹ್ನ ಸಾಕು.

ಈ ಪುಟವನ್ನು ಓದುವವರಲ್ಲಿ ನಗರಸಭೆಗಳ ಸದಸ್ಯರಿರಬಹುದು, ವೈದ್ಯರಿರಬಹುದು, ಅಧ್ಯಾಪಕರಿರಬಹುದು. ಅವರಲ್ಲಿ ನನ್ನ ಬಿನ್ನಹ ಇಷ್ಟೆ: ನಿಮ್ಮ ಊರಿನ ಕಳೆದ ಹತ್ತು ವರ್ಷಗಳ ಏಪ್ರಿಲ್, ಮೇ ತಿಂಗಳುಗಳ ಮರಣಗಳನ್ನು ವಾರ್ಡುವಾರು ಎಣಿಸಿರಿ, ನಿಮ್ಮ ಊರಿನ ರಾಜಕಾಲುವೆಗಳ ಹಳೆಯ ನಕ್ಷೆಯನ್ನು ಹುಡುಕಿ ಇಂದಿನದರೊಡನೆ ಹೋಲಿಸಿರಿ, ಎರಡನ್ನೂ ಮುಂದಿನ ಬೇಸಗೆಗೆ ಮೊದಲು ನಗರಸಭೆಯ ಫಲಕದ ಮೇಲೆ ಎಲ್ಲರೂ ಓದುವಂತೆ ಅಂಟಿಸಿರಿ.